ಬರೆದದ್ದೊಂದು, ಓಡುವುದೊಂದು



ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳಿರುವ ಮನೆಗಳಲ್ಲಿ ಕಂಪೈಲರ್ ಎಂಬ ಹೆಸರು ಹೆಚ್ಚಾಗಿ ಬೈಗುಳದ ಜೊತೆಗೇ ಕಿವಿಗೆ ಬೀಳುತ್ತದೆ. ಎಲ್ಲೋ ಒಂದು ಸೆಮಿಕೋಲನ್ ಬಿಟ್ಟುಹೋಗಿರುತ್ತದೆ. ಅಷ್ಟಕ್ಕೇ ಅದು ಪರದೆ ತುಂಬ ತಪ್ಪುಗಳ ಪಟ್ಟಿ ಸುರಿದು ಕೂತಿರುತ್ತದೆ. ಹಾಗಾಗಿ ಕಂಪೈಲರ್ ಇರುವುದೇ ತಪ್ಪು ಹುಡುಕುವುದಕ್ಕೆ ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ಅದು ಅದರ ಕೆಲಸದಲ್ಲಿ ಸಣ್ಣ ಪಾಲು. ತಪ್ಪೇ ಇಲ್ಲದ ಪ್ರೋಗ್ರಾಂ ಕೈಗೆ ಬಂದಾಗ ಅದನ್ನು ಯಂತ್ರದ ಆಜ್ಞೆಗಳನ್ನಾಗಿ ಮಾಡಲು ಕಂಪೈಲರ್ ಏನೇನು ಮಾಡುತ್ತದೆ ಎನ್ನುವುದೇ ದೊಡ್ಡ ಕಥೆ. ಕಥೆಯ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ: ನಾವು ಬರೆದ ಪ್ರೋಗ್ರಾಂ ಯಾವತ್ತೂ ಓಡುವುದಿಲ್ಲ. ಓಡುವುದು ಕಂಪೈಲರ್ ಬರೆದ ಪ್ರೋಗ್ರಾಂ.

ಸಿ ಭಾಷೆಯಲ್ಲಿ ಒಂದು ಪುಟ್ಟ ಫಂಕ್ಷನ್ ಬರೆದಿದ್ದೇವೆ ಎಂದಿಟ್ಟುಕೊಳ್ಳಿ. 'ಮೊತ್ತ' ಎಂಬ ಜಾಗದಲ್ಲಿ ಮೊದಲು ಸೊನ್ನೆ ಇಡು. ಒಂದರಿಂದ ನೂರರವರೆಗೆ ಒಂದೊಂದೇ ಸಂಖ್ಯೆಯನ್ನು ಅದಕ್ಕೆ ಕೂಡಿಸುತ್ತ ಹೋಗು. ಕೊನೆಗೆ ಬಂದದ್ದನ್ನು ಒಪ್ಪಿಸು. ಇಷ್ಟೇ, ನಾಲ್ಕೈದು ಸಾಲು, ನೂರು ಸುತ್ತಿನ ಒಂದು ಲೂಪ್. ಇದನ್ನು ಜಿಸಿಸಿ ಎಂಬ ಕಂಪೈಲರ್‌ಗೆ ಕೊಟ್ಟು, ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇರುವ ಮಾಮೂಲಿ ಲ್ಯಾಪ್‌ಟಾಪಿಗೆ ಚುರುಕಾಗಿ ಓಡುವಂತೆ ಮಾಡಿಕೊಡು ಎಂದರೆ, ಹೊರಬರುವುದು ಆರು ಬೈಟ್. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಕೆಲವು ಬಗೆಗಳಲ್ಲಿ ಭದ್ರತೆಗೆಂದು ಮುಂದೆ ಇನ್ನೂ ನಾಲ್ಕು ಬೈಟ್ ಸೇರಿಕೊಳ್ಳುತ್ತವೆ, ಅವನ್ನು ಸದ್ಯಕ್ಕೆ ಬಿಡೋಣ. ಆರು ಬೈಟುಗಳನ್ನು ಓದಿಯೇ ಹೇಳುತ್ತೇನೆ, ಇದು ಬಾನುಲಿಯಾದ್ದರಿಂದ ತೋರಿಸುವ ಹಾಗಿಲ್ಲ: ಬಿ8, ಬಿಎ, 13, 00, 00, ಸಿ3. ಮೊದಲನೆಯ ಬಿ8 ಎಂದರೆ 'ಮುಂದೆ ಬರುವ ಸಂಖ್ಯೆಯನ್ನು ಪ್ರೊಸೆಸರಿನೊಳಗಿನ ಇಂಥ ರಿಜಿಸ್ಟರಿನಲ್ಲಿ ಇಡು' ಎಂಬ ಆಜ್ಞೆ. ಕೊನೆಯ ಸಿ3 ಎಂದರೆ 'ಕರೆದವರ ಹತ್ತಿರ ವಾಪಸು ಹೋಗು'. ನಡುವಿನ ನಾಲ್ಕು ಬೈಟುಗಳಲ್ಲಿ ಒಂದು ಸಂಖ್ಯೆ ಹಿಂದುಮುಂದಾಗಿ ಕೂತಿದೆ; ಹದಿನಾರರ ಲೆಕ್ಕದಲ್ಲಿ 13ಬಿಎ, ನಮ್ಮ ಹತ್ತರ ಲೆಕ್ಕದಲ್ಲಿ 5050.

ಲೂಪ್ ಎಲ್ಲಿ ಹೋಯಿತು? ನೂರು ಕೂಡಿಕೆಗಳು ಎಲ್ಲಿ? 'ಮೊತ್ತ' ಎಂಬ ಹೆಸರೇ ಎಲ್ಲಿ? ಯಾವುದೂ ಇಲ್ಲ. ಲೂಪ್ ಎಷ್ಟು ಸಲ ಸುತ್ತುತ್ತದೆಂದು ಮೊದಲೇ ಗೊತ್ತಿತ್ತು, ಹೊರಗಿನಿಂದ ಏನೂ ಬರಬೇಕಾಗಿರಲಿಲ್ಲ, ನಡುವೆ ಯಾರಿಗೂ ಏನನ್ನೂ ತೋರಿಸಬೇಕಾಗಿರಲಿಲ್ಲ. ಹೀಗಾಗಿ ಕಂಪೈಲರ್ ಲೆಕ್ಕವನ್ನು ತಾನೇ ಮಾಡಿ ಮುಗಿಸಿ ಉತ್ತರವನ್ನಷ್ಟೇ ಬರೆದಿಟ್ಟಿದೆ. ನೂರರ ಬದಲು 'ಎಷ್ಟಾದರೂ ಆಗಲಿ' ಎಂದು ಬರೆದು ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರಿಗೆ ಕೊಡಿ. ಅದು ಲೂಪನ್ನು ಕಿತ್ತುಹಾಕಿ, ಶಾಲೆಯಲ್ಲಿ ನಾವು ಉರು ಹೊಡೆದ ಸೂತ್ರವನ್ನೇ ಹೋಲುವ ಒಂದು ಗುಣಾಕಾರವನ್ನು ಆ ಜಾಗದಲ್ಲಿ ಕೂರಿಸುತ್ತದೆ.

ಹೀಗೆ ಮಾಡಲು ಕಂಪೈಲರಿಗೆ ಅಧಿಕಾರ ಕೊಟ್ಟವರು ಯಾರು? ಭಾಷೆಯ ನಿಯಮಗಳೇ ಕೊಟ್ಟಿವೆ. ಹೊರಗೆ ಕಾಣುವ ಫಲ ಬದಲಾಗಬಾರದು, ಅಷ್ಟೇ ಷರತ್ತು. ಒಳಗಿನ ದಾರಿ ಅದರ ಇಷ್ಟ.

ಈ ಸ್ವಾತಂತ್ರ್ಯ ಹುಟ್ಟಿದ್ದು ಹಣದ ಒತ್ತಡದಿಂದ. 1950ರ ದಶಕದ ಆರಂಭದಲ್ಲಿ ಅಮೆರಿಕದ ಲೆಕ್ಕಕೇಂದ್ರಗಳಲ್ಲಿ ಯಂತ್ರಕ್ಕೆ ಎಷ್ಟು ಖರ್ಚಾಗುತ್ತಿತ್ತೋ ಅಷ್ಟೇ ಖರ್ಚು ಪ್ರೋಗ್ರಾಂ ಬರೆಯುವವರಿಗೂ ಆಗುತ್ತಿತ್ತು. ಬರೆಯುವುದೆಂದರೆ ಆಗ ಯಂತ್ರದ ಸಂಖ್ಯೆಗಳಲ್ಲೇ, ಇಲ್ಲವೆ ಅದಕ್ಕೆ ತೀರ ಹತ್ತಿರದ ಸಂಕೇತಗಳಲ್ಲಿ. ಗ್ರೇಸ್ ಹಾಪರ್ ಎಂಬ ಗಣಿತಜ್ಞೆ 1952ರ ಹೊತ್ತಿಗೆ ಯುನಿವ್ಯಾಕ್ ಯಂತ್ರಕ್ಕೆ ಎ-ಸೊನ್ನೆ ಎಂಬ ವ್ಯವಸ್ಥೆ ಕಟ್ಟಿದರು. ಮೊದಲೇ ಬರೆದಿಟ್ಟ ತುಣುಕುಗಳನ್ನು ಹುಡುಕಿ ತಂದು ಒಂದಕ್ಕೊಂದು ಜೋಡಿಸುವ ಕೆಲಸವನ್ನು ಅದು ಮಾಡುತ್ತಿತ್ತು. ಯಂತ್ರ ಲೆಕ್ಕ ಮಾಡೀತು, ಪ್ರೋಗ್ರಾಂ ಬರೆದೀತೇ ಎಂದು ಸುತ್ತಲಿನವರು ನಂಬಲಿಲ್ಲ.

ಐಬಿಎಂನಲ್ಲಿ ಜಾನ್ ಬ್ಯಾಕಸ್ 1953ರ ಕೊನೆಯಲ್ಲಿ ಮೇಲಧಿಕಾರಿಗೆ ಪತ್ರ ಬರೆದು, ಗಣಿತದ ಸೂತ್ರಗಳನ್ನು ಹೆಚ್ಚುಕಡಿಮೆ ಸೂತ್ರಗಳ ರೂಪದಲ್ಲೇ ಕೊಟ್ಟರೆ ಯಂತ್ರದ ಆಜ್ಞೆಗಳನ್ನಾಗಿ ಮಾಡುವ ಪ್ರೋಗ್ರಾಂ ಕಟ್ಟುತ್ತೇನೆಂದರು. ಅದೇ ಫೋರ್ಟ್ರಾನ್. ಅವರಿಗಿದ್ದ ದೊಡ್ಡ ಹೆದರಿಕೆ ತಪ್ಪು ಉತ್ತರದ್ದಲ್ಲ, ನಿಧಾನದ್ದು. ಕೈಯಲ್ಲಿ ಬರೆದದ್ದಕ್ಕಿಂತ ಯಂತ್ರ ಬರೆದದ್ದು ಎರಡು ಪಟ್ಟು ನಿಧಾನವಾದರೂ ಯಾರೂ ಅದನ್ನು ಮುಟ್ಟುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಮೊದಲ ದಿನದಿಂದಲೇ ತಂಡ ತಲೆ ಕೆಡಿಸಿಕೊಂಡದ್ದು ವೇಗದ ಬಗ್ಗೆ. 1957ರ ಏಪ್ರಿಲ್‌ನಲ್ಲಿ ಐಬಿಎಂ 704 ಯಂತ್ರಕ್ಕೆ ಅದು ಹೊರಬಂದಾಗ, ಕಂಪೈಲರ್ ಬರೆದ ಕೋಡನ್ನು ಓದಿ ಕಂಪೈಲರ್ ಕಟ್ಟಿದವರೇ ಬೆರಗಾದರಂತೆ. ತಾವು ಊಹಿಸದ ಜಾಗಗಳಿಗೆ ಅದು ಲೆಕ್ಕಗಳನ್ನು ಎತ್ತಿ ಸಾಗಿಸಿತ್ತು. ಪಿಟ್ಸ್‌ಬರ್ಗ್ ಬಳಿಯ ವೆಸ್ಟಿಂಗ್‌ಹೌಸ್ ಕಂಪನಿಯ ಬೆಟ್ಟಿಸ್ ಪ್ರಯೋಗಾಲಯಕ್ಕೆ ಅದೇ ತಿಂಗಳು ರಂಧ್ರ ಹೊಡೆದ ಕಾರ್ಡುಗಳ ಒಂದು ಕಟ್ಟು ಬಂತು. ಇದೇ ಫೋರ್ಟ್ರಾನ್ ಇರಬೇಕೆಂದು ಯಂತ್ರಕ್ಕೆ ಊಡಿ ನೋಡಿದರು. ಮೊದಲ ಪ್ರಯತ್ನಕ್ಕೆ ಬಂದ ಉತ್ತರವೇ ತಪ್ಪಿನ ಸಂದೇಶ: ಆವರಣ ಚಿಹ್ನೆಯ ಮುಂದೆ ಅಲ್ಪವಿರಾಮ ಇಲ್ಲ. ಮಕ್ಕಳ ಬೈಗುಳಕ್ಕೆ ಅಂದಿನಿಂದಲೇ ಕಾರಣ ಸಿಕ್ಕಿತ್ತು ಅನ್ನಿ.

ಈಗ ಕಂಪೈಲರಿನ ಒಳಗೆ ಹೋಗೋಣ. ಅದರ ಕಣ್ಣಿಗೆ ನಮ್ಮ ಪ್ರೋಗ್ರಾಂ ಮೊದಲು ಬರೀ ಅಕ್ಷರಗಳ ಸಾಲು. ಅದನ್ನು ಪದಗಳಾಗಿ ಬಿಡಿಸಬೇಕು. ಎಡದಿಂದ ಓದುತ್ತ ಆದಷ್ಟು ಉದ್ದದ ತುಂಡನ್ನು ಕತ್ತರಿಸಿಕೊಳ್ಳುವುದು ಸಿ ಭಾಷೆಯ ಕ್ರಮ. ಹೀಗಾಗಿ 'ಎ' ಆದ ಮೇಲೆ ಮೂರು ಪ್ಲಸ್, ಆಮೇಲೆ 'ಬಿ' ಎಂದು ಜಾಗ ಬಿಡದೆ ಬರೆದರೆ, ಅದು ಮೊದಲು ಎರಡು ಪ್ಲಸ್‌ಗಳನ್ನು ಸೇರಿಸಿ ಒಂದು ತುಂಡು ಮಾಡಿಕೊಳ್ಳುತ್ತದೆ, ಉಳಿದ ಒಂದನ್ನು ಕೂಡಿಸುವ ಚಿಹ್ನೆ ಎಂದು ಓದುತ್ತದೆ. ಬರೆದವನ ಮನಸ್ಸಿನಲ್ಲಿ ಏನಿತ್ತು ಎಂದು ಅದು ಕೇಳುವುದಿಲ್ಲ. ಅಂದಹಾಗೆ, ಹೆಸರುಗಳು ಇಂಗ್ಲಿಷಿನಲ್ಲೇ ಇರಬೇಕೆಂಬ ಕಟ್ಟು ಈಗ ಇಲ್ಲ. 2020ರಲ್ಲಿ ಬಂದ ಜಿಸಿಸಿಯ 10ನೇ ಆವೃತ್ತಿಯಿಂದೀಚೆಗೆ 'ಮೊತ್ತ' ಎಂದು ಕನ್ನಡದಲ್ಲೇ ಬರೆದರೂ ಅದು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ.

ಪದಗಳಾದ ಮೇಲೆ ವಾಕ್ಯ. ದರ, ತೆರಿಗೆ, ಎರಡು ಇವುಗಳ ನಡುವೆ ಒಂದು ಕೂಡಿಕೆ, ಒಂದು ಗುಣಾಕಾರ ಇದ್ದರೆ ಯಾವುದು ಮೊದಲು ಎಂಬುದನ್ನು ವ್ಯಾಕರಣ ತೀರ್ಮಾನಿಸುತ್ತದೆ. ಕಂಪೈಲರ್ ಅದನ್ನು ಕೊಂಬೆಗಳುಳ್ಳ ಒಂದು ಮರವಾಗಿ ಕಟ್ಟಿಕೊಳ್ಳುತ್ತದೆ. ಇಂಥ ವ್ಯಾಕರಣವನ್ನು ಚೊಕ್ಕವಾಗಿ ಬರೆದಿಡುವ ಕ್ರಮವನ್ನು ಕೊಟ್ಟವರು ಅದೇ ಬ್ಯಾಕಸ್. ಅದನ್ನು ತಿದ್ದಿ ಆಲ್ಗಾಲ್ ಎಂಬ ಪ್ರೋಗ್ರಾಂ ಭಾಷೆಯ 1960ರ ವರದಿಯಲ್ಲಿ ಬಳಸಿದವರು ಡೆನ್ಮಾರ್ಕಿನ ಪೀಟರ್ ನೌರ್. 1967ರಲ್ಲಿ ಪೀಟರ್ ಇಂಗರ್‌ಮನ್ ಎಂಬವರು ವೃತ್ತಿಪತ್ರಿಕೆಯೊಂದಕ್ಕೆ ಬರೆದು, ಇಂಥದೇ ಕ್ರಮವನ್ನು ಪಾಣಿನಿ ಶತಮಾನಗಳ ಹಿಂದೆಯೇ ಸಂಸ್ಕೃತಕ್ಕೆ ಮಾಡಿಟ್ಟಿದ್ದಾನೆ, ಇದನ್ನು ಪಾಣಿನಿ-ಬ್ಯಾಕಸ್ ಕ್ರಮ ಎನ್ನೋಣ ಎಂದು ಸೂಚಿಸಿದರು. ಹೆಸರು ನಿಲ್ಲಲಿಲ್ಲ. ಪಾಣಿನಿಯೇ ಕಂಪ್ಯೂಟರ್ ಕಂಡುಹಿಡಿದ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಮಾತಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಸೂತ್ರಗಳಿಂದ ಭಾಷೆಯನ್ನು ಹುಟ್ಟಿಸುವ ವಿದ್ಯೆಯಲ್ಲಿ ಆತ ಎಷ್ಟು ಮುಂದಿದ್ದ ಎಂಬುದಕ್ಕೆ ಆ ಪತ್ರ ಒಳ್ಳೆಯ ಸಾಕ್ಷಿ.

ಮರ ಕಟ್ಟಿ, ಸಂಖ್ಯೆಯ ಜಾಗದಲ್ಲಿ ಸಂಖ್ಯೆಯೇ ಇದೆಯೇ ಎಂದೆಲ್ಲ ಪರೀಕ್ಷಿಸಿದ ಮೇಲೆ ಕಂಪೈಲರ್ ಮಧ್ಯಂತರ ರೂಪವೊಂದಕ್ಕೆ ಇಳಿಯುತ್ತದೆ. ಅದು ಸಿ ಭಾಷೆಯೂ ಅಲ್ಲ, ಯಾವುದೇ ಯಂತ್ರದ ಭಾಷೆಯೂ ಅಲ್ಲ. ಮೂಲ ಭಾಷೆ ಯಾವುದೇ ಇರಲಿ, ಇಲ್ಲಿಗೆ ಬಂದ ಮೇಲೆ ಎಲ್ಲಕ್ಕೂ ಒಂದೇ ಉಪಚಾರ. ನಮ್ಮ ನೂರು ಸುತ್ತಿನ ಲೂಪ್ ಮಾಯವಾದದ್ದು ಇಲ್ಲೇ. ಯಾರೂ ಬಳಸದ ಲೆಕ್ಕವನ್ನು ಕಿತ್ತುಹಾಕುವುದು, ಎರಡು ಸಲ ಮಾಡುವುದನ್ನು ಒಂದೇ ಸಲ ಮಾಡುವುದು, ಲೂಪಿನೊಳಗೆ ಬದಲಾಗದೆ ಉಳಿಯುವುದನ್ನು ಹೊರಗೆ ಎಳೆದಿಡುವುದು, ಹೀಗೆ ಹತ್ತಾರು ಜರಡಿಗಳಲ್ಲಿ ಪ್ರೋಗ್ರಾಂ ಹಾದುಹೋಗುತ್ತದೆ. ಈ ವಿದ್ಯೆಗೆ ಶಾಸ್ತ್ರದ ಗಟ್ಟಿತನ ತಂದವರಲ್ಲಿ ಫ್ರಾನ್ಸಿಸ್ ಅಲೆನ್ ಹೆಸರು ದೊಡ್ಡದು. ಓದಿನ ಸಾಲ ತೀರಿಸಲೆಂದು 1957ರಲ್ಲಿ ಐಬಿಎಂ ಸೇರಿದ ಅವರಿಗೆ ಸಿಕ್ಕ ಮೊದಲ ಕೆಲಸ, ಆಗಷ್ಟೇ ಬಂದಿದ್ದ ಫೋರ್ಟ್ರಾನನ್ನು ಅಲ್ಲಿನ ವಿಜ್ಞಾನಿಗಳಿಗೆ ಕಲಿಸುವುದು. ಸಾಲ ತೀರಿದರೂ ಐಬಿಎಂ ಬಿಡಲಿಲ್ಲ. ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2006ರ ಸಾಲಿಗೆ ಅವರಿಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

ಮುಂದಿನ ಕಷ್ಟ ಜಾಗದ್ದು. ಪ್ರೊಸೆಸರ್ ಲೆಕ್ಕ ಮಾಡುವುದು ತನ್ನೊಳಗಿನ ರಿಜಿಸ್ಟರುಗಳಲ್ಲಿ, ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯ ಕೆಲಸಕ್ಕಿರುವ ಅಂಥ ರಿಜಿಸ್ಟರುಗಳು ಹದಿನಾರು. ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಒಲೆಯ ಪಕ್ಕ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಉಗ್ರಾಣಕ್ಕೆ ಕಳಿಸಬೇಕು ಎಂದು ಲೆಕ್ಕ ಹಾಕುವ ಹಾಗೆಯೇ ಇದು. ಮೆಮೊರಿ ಎಂಬ ಉಗ್ರಾಣಕ್ಕೆ ಹೋಗಿಬರುವುದು ತುಟ್ಟಿ. ಒಂದೇ ಹೊತ್ತಿಗೆ ಬೇಕಾಗುವ ಎರಡು ವಸ್ತುಗಳಿಗೆ ಒಂದೇ ರಿಜಿಸ್ಟರ್ ಕೊಡುವಂತಿಲ್ಲ. ಇದನ್ನು ನಕ್ಷೆಗೆ ಬಣ್ಣ ಹಚ್ಚುವ ಹಳೆಯ ಗಣಿತ ಸಮಸ್ಯೆಯಾಗಿ, ಅಂದರೆ ಅಕ್ಕಪಕ್ಕದ ಎರಡು ರಾಜ್ಯಗಳಿಗೆ ಒಂದೇ ಬಣ್ಣ ಬರಬಾರದೆಂಬ ಸಮಸ್ಯೆಯಾಗಿ ನೋಡಿ, 1980ರ ದಶಕದ ಆರಂಭದಲ್ಲಿ ಬಳಸುವಂಥ ಪರಿಹಾರ ಕೊಟ್ಟವರು ಐಬಿಎಂನ ಗ್ರೆಗರಿ ಚೈಟಿನ್ ಮತ್ತು ಸಂಗಡಿಗರು.

ಇಷ್ಟಾದ ಮೇಲೆ ಅಸೆಂಬ್ಲಿ ಎಂಬ ರೂಪ ಹೊರಬರುತ್ತದೆ. ಇದನ್ನು ಮನುಷ್ಯರು ಓದಬಹುದು. 'ನಮಸ್ಕಾರ' ಎಂದು ಪರದೆಯ ಮೇಲೆ ಮೂಡಿಸುವ ಪ್ರೋಗ್ರಾಂ ಬರೆದು ಈ ಹಂತದಲ್ಲಿ ನಿಲ್ಲಿಸಿ ನೋಡಿದರೆ ಮೋಜಿನ ಸಂಗತಿಗಳು ಕಾಣುತ್ತವೆ. ನಾವು ನಾಲ್ಕು ಅಕ್ಷರ ಎಂದುಕೊಂಡದ್ದು ಅಲ್ಲಿ ಇಪ್ಪತ್ತೊಂದು ಬೈಟ್ ಆಗಿರುತ್ತದೆ. ನ, ಮ, ಸ, ಒತ್ತಕ್ಷರ ಕಟ್ಟುವ ವಿರಾಮ ಚಿಹ್ನೆ, ಕ, ದೀರ್ಘದ ಗುರುತು, ರ ಹೀಗೆ ಏಳು ಸಂಕೇತ, ಒಂದೊಂದಕ್ಕೆ ಮೂರು ಬೈಟ್. 'ನ' ಅಕ್ಷರ ಅಲ್ಲಿ ಎಂಟರ ಲೆಕ್ಕದಲ್ಲಿ 340, 262, 250 ಎಂಬ ಮೂರು ಸಂಖ್ಯೆ. ಕನ್ನಡವೆಂದು ಕಂಪೈಲರಿಗೆ ಗೊತ್ತೂ ಇಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಸಂಖ್ಯೆಗಳನ್ನು ಮುಕ್ಕಾಗದಂತೆ ಸಾಗಿಸಿದರೆ ಸಾಕು. ಇನ್ನೊಂದು ವಿಚಿತ್ರ. ನಾವು ಬರೆದದ್ದು 'ಪ್ರಿಂಟ್‌ಎಫ್' ಎಂಬ ಫಂಕ್ಷನ್; ಪದದ ಕೊನೆಗೆ ಹೊಸ ಸಾಲಿನ ಚಿಹ್ನೆಯನ್ನೂ ಹಾಕಿದ್ದೆವು. ಅಸೆಂಬ್ಲಿಯಲ್ಲಿ ಇರುವುದು 'ಪುಟ್ಸ್' ಎಂಬ ಬೇರೆಯೇ ಫಂಕ್ಷನ್, ಹೊಸ ಸಾಲಿನ ಚಿಹ್ನೆ ಮಾಯ. ಪ್ರಿಂಟ್‌ಎಫ್ ದೊಡ್ಡ ಸಂಸಾರ, ಈ ಚಿಕ್ಕ ಕೆಲಸಕ್ಕೆ ಪುಟ್ಸ್ ಸಾಕು, ಹೊಸ ಸಾಲನ್ನು ಅದು ತಾನೇ ಹಾಕುತ್ತದೆ ಎಂದು ಜಿಸಿಸಿ ತೀರ್ಮಾನಿಸಿದೆ. ಚುರುಕುಗೊಳಿಸು ಎಂದು ನಾವು ಹೇಳದೇ ಇದ್ದಾಗಲೂ ಅದು ಇದನ್ನು ಮಾಡುತ್ತದೆ.

ಅಸೆಂಬ್ಲಿಯನ್ನು ಯಂತ್ರದ ಸಂಖ್ಯೆಗಳಾಗಿ ಮಾಡುವುದು ಅಸೆಂಬ್ಲರಿನ ಕೆಲಸ. ಹೆಚ್ಚು ವಿಚಾರ ಬೇಡದ ಕೆಲಸ. ಆದರೆ ಅಲ್ಲಿ ಒಂದು ಖಾಲಿ ಜಾಗ ಉಳಿಯುತ್ತದೆ. ಪುಟ್ಸ್ ನಮ್ಮ ಫೈಲಿನಲ್ಲಿಲ್ಲ, ಲೈಬ್ರರಿಯಲ್ಲಿದೆ, ಅದರ ವಿಳಾಸ ಅಸೆಂಬ್ಲರಿಗೆ ಗೊತ್ತಿಲ್ಲ. ಆದ್ದರಿಂದ 'ಕರೆ' ಎಂಬ ಆಜ್ಞೆಯಾದ ಇ8 ಬರೆದು, ಮುಂದೆ ನಾಲ್ಕು ಬೈಟ್ ಸೊನ್ನೆ ಇಟ್ಟು, ಇಲ್ಲಿ ಪುಟ್ಸ್‌ನ ವಿಳಾಸ ತುಂಬಬೇಕು ಎಂದು ಬೇರೆ ಕಡೆ ಒಂದು ಟಿಪ್ಪಣಿ ಹಾಕುತ್ತದೆ. ಆಮೇಲೆ ಬರುವ ಲಿಂಕರ್ ಎಲ್ಲ ಫೈಲುಗಳನ್ನು ಒಟ್ಟುಮಾಡಿ, ಈ ಟಿಪ್ಪಣಿಗಳನ್ನು ಒಂದೊಂದಾಗಿ ತೀರಿಸುತ್ತದೆ. ಲೈಬ್ರರಿಯ ಫಂಕ್ಷನ್‌ಗಳ ನಿಜವಾದ ವಿಳಾಸ ಮಾತ್ರ ಸಾಮಾನ್ಯವಾಗಿ ಪ್ರೋಗ್ರಾಂ ಶುರುವಾಗುವಾಗಲೇ ಗೊತ್ತಾಗುವುದು. ಲಿನಕ್ಸಿನಲ್ಲಿ ಕೊನೆಗೆ ಸಿಗುವ ಓಡುವ ಫೈಲಿನ ಮೊದಲ ನಾಲ್ಕು ಬೈಟ್ ಯಾವಾಗಲೂ ಒಂದೇ: 7ಎಫ್, ಆಮೇಲೆ ಇ, ಎಲ್, ಎಫ್ ಎಂಬ ಇಂಗ್ಲಿಷ್ ಅಕ್ಷರಗಳು. ಅದನ್ನು ನೋಡಿಯೇ ಆಪರೇಟಿಂಗ್ ಸಿಸ್ಟಂ ಇದು ಓಡಿಸಬಹುದಾದ ಫೈಲು ಎಂದು ಗುರುತಿಸುವುದು. ಐದು ಸಾಲಿನ ನಮಸ್ಕಾರ ಹದಿನೈದು-ಹದಿನಾರು ಕಿಲೋಬೈಟಿನ ಫೈಲಾಗಿ ಕೂತಿರುತ್ತದೆ. ಪ್ರೋಗ್ರಾಂ 'ಮೇನ್' ಎಂಬಲ್ಲಿಂದ ಶುರುವಾಗುತ್ತದೆ ಎಂದು ಕಾಲೇಜಿನಲ್ಲಿ ಹೇಳಿಕೊಡುತ್ತಾರೆ. ಅದೂ ಪೂರ್ತಿ ನಿಜವಲ್ಲ. ನಾವು ಬರೆಯದೇ ಇದ್ದ 'ಸ್ಟಾರ್ಟ್' ಎಂಬ ತುಣುಕೊಂದನ್ನು ಲಿಂಕರ್ ಸೇರಿಸಿರುತ್ತದೆ, ಮೇನ್ ಅನ್ನು ಕರೆಸುವುದು ಅದು.

ಇಷ್ಟೆಲ್ಲ ಕೇಳಿ ಕಂಪೈಲರ್ ಬಲು ಜಾಣ ಎಂದು ನಿಮಗೆ ಅನ್ನಿಸಿರಬಹುದು. ಜಾಣತನ ಮುಳುವಾದ ಪ್ರಸಂಗವೂ ಇದೆ. 2009ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ ನೆಟ್‌ವರ್ಕ್ ವಿಭಾಗದ ಡ್ರೈವರ್ ಒಂದರಲ್ಲಿ ಹೀಗೆ ಬರೆದಿತ್ತು: ಒಂದು ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ, ತೋರಿಸುವ ಜಾಗದಿಂದ ಮೌಲ್ಯವೊಂದನ್ನು ತೆಗೆದುಕೊ. ಮುಂದಿನ ಸಾಲಿನಲ್ಲಿ, ಆ ಪಾಯಿಂಟರ್ ಸೊನ್ನೆಯಾಗಿದ್ದರೆ ಇಲ್ಲಿಂದಲೇ ವಾಪಸಾಗು. ಕ್ರಮ ತಿರುಗುಮುರುಗಾಗಿತ್ತು, ಪರೀಕ್ಷೆ ಮೊದಲು ಬರಬೇಕಿತ್ತು. ಕಂಪೈಲರ್ ಅದನ್ನು ಓದಿದ್ದು ಬೇರೆ ರೀತಿ. ಸೊನ್ನೆ ಪಾಯಿಂಟರಿನ ಮೂಲಕ ಏನನ್ನೂ ತೆಗೆದುಕೊಳ್ಳುವಂತಿಲ್ಲ ಎನ್ನುವುದು ಸಿ ಭಾಷೆಯ ನಿಯಮ. ಬರೆದವನು ಆಗಲೇ ತೆಗೆದುಕೊಂಡಿದ್ದಾನೆ. ಅಂದಮೇಲೆ ಅದು ಸೊನ್ನೆಯಲ್ಲ. ಸೊನ್ನೆಯಲ್ಲದ ಮೇಲೆ ಈ ಪರೀಕ್ಷೆ ದಂಡ. ಕಂಪೈಲರ್ ಪರೀಕ್ಷೆಯ ಸಾಲನ್ನೇ ಅಳಿಸಿಹಾಕಿತು. ಮೂಲ ಕೋಡ್ ಓದಿದವರಿಗೆ ಕಾವಲು ಕಾಣುತ್ತಿತ್ತು. ಓಡುವ ಕೋಡಿನಲ್ಲಿ ಕಾವಲು ಇರಲಿಲ್ಲ. ಆ ಸಂದಿಯಲ್ಲಿ ನುಗ್ಗಿ ಇಡೀ ಯಂತ್ರವನ್ನು ವಶ ಮಾಡಿಕೊಳ್ಳಬಹುದೆಂಬುದು ಸಾಬೀತಾಯಿತು. ಅಂದಿನಿಂದ ಕರ್ನಲನ್ನು ಕಂಪೈಲ್ ಮಾಡುವಾಗ ಇಂಥ ಪರೀಕ್ಷೆಗಳನ್ನು ಅಳಿಸಬೇಡ ಎಂದು ಜಿಸಿಸಿಗೆ ಪ್ರತ್ಯೇಕವಾಗಿ ಹೇಳುತ್ತಾರೆ. ಮೊದಲ ತಪ್ಪು ಬರೆದವರದೇ, ನಿಜ. ಆದರೆ ಚಕಾರವೆತ್ತದೆ ಕಾವಲನ್ನು ತೆಗೆದುಹಾಕಿದ ಕಂಪೈಲರನ್ನೂ ನಾನು ಸುಮ್ಮನೆ ಬಿಡಲಾರೆ.

ಇನ್ನೂ ಆಳದ ಪ್ರಶ್ನೆಯೊಂದಿದೆ. ಕಂಪೈಲರ್ ಕೂಡ ಒಂದು ಪ್ರೋಗ್ರಾಂ ತಾನೇ, ಅದನ್ನು ಕಂಪೈಲ್ ಮಾಡಿದವರು ಯಾರು? ಇನ್ನೊಂದು ಕಂಪೈಲರ್; ಎಷ್ಟೋ ಸಲ ಅದರದೇ ಹಿಂದಿನ ಆವೃತ್ತಿ. ಯೂನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಭಾಷಣ 1984ರಲ್ಲಿ ಅಚ್ಚಾಯಿತು. ಅದರಲ್ಲಿ ಅವರು ಒಂದು ಕೈಚಳಕ ವಿವರಿಸಿದರು. ಲಾಗಿನ್ ಪ್ರೋಗ್ರಾಂ ಬಂದರೆ ಅದಕ್ಕೊಂದು ಕಳ್ಳಬಾಗಿಲು ಸೇರಿಸುವಂತೆ ಕಂಪೈಲರನ್ನು ತಿದ್ದುವುದು. ಕಂಪೈಲರ್‌ನ ಕೋಡೇ ಬಂದರೆ ಈ ಎರಡೂ ತಿದ್ದುಪಡಿಗಳನ್ನು ಹೊಸ ಕಂಪೈಲರಿಗೂ ಸೇರಿಸುವಂತೆ ಮಾಡುವುದು. ಒಂದು ಸಲ ಕಂಪೈಲ್ ಆದ ಮೇಲೆ ಮೂಲದಿಂದ ಆ ಸಾಲುಗಳನ್ನು ಅಳಿಸಿಬಿಡುವುದು. ಆಮೇಲೆ ಮೂಲ ಕೋಡನ್ನು ಭೂತಕನ್ನಡಿ ಹಿಡಿದು ಓದಿದರೂ ಏನೂ ಸಿಗುವುದಿಲ್ಲ. ಕಳ್ಳಬಾಗಿಲು ಮಾತ್ರ ಒಂದು ಕಂಪೈಲರಿನಿಂದ ಮುಂದಿನದಕ್ಕೆ ದಾಟುತ್ತಲೇ ಇರುತ್ತದೆ. ಇದು ಬರೀ ತರ್ಕವಲ್ಲ. 2015ರಲ್ಲಿ ಚೀನಾದಲ್ಲಿ ಆ್ಯಪ್ ಕಟ್ಟಲು ಬಳಸುವ ಆಪಲ್ ಕಂಪನಿಯ ಎಕ್ಸ್‌ಕೋಡ್ ಸಾಧನವನ್ನು ಅಧಿಕೃತ ತಾಣ ಬಿಟ್ಟು ಬೇರೆ ಕಡೆಗಳಿಂದ ಇಳಿಸಿಕೊಂಡವರ ಆ್ಯಪ್‌ಗಳಲ್ಲಿ ಕಳ್ಳ ಕೋಡ್ ಸೇರಿಕೊಂಡಿತು. ವೀಚಾಟ್‌ನಂಥ ಹೆಸರಾಂತ ಆ್ಯಪ್ ಕೂಡ ತಪ್ಪಿಸಿಕೊಳ್ಳಲಿಲ್ಲ. ಬರೆದವರು ಪ್ರಾಮಾಣಿಕರು, ಬರೆಸಿಕೊಂಡ ಸಾಧನ ಕೆಟ್ಟಿತ್ತು.

ದುರುದ್ದೇಶವಿಲ್ಲದ ಕಂಪೈಲರುಗಳಲ್ಲೂ ದೋಷಗಳಿವೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಯದ್ವಾತದ್ವಾ ಪ್ರೋಗ್ರಾಂಗಳನ್ನು ಹುಟ್ಟಿಸಿ ಕಂಪೈಲರುಗಳಿಗೆ ತಿನ್ನಿಸಿ ನೋಡಿದರು. ಅದುವರೆಗೆ ಯಾರಿಗೂ ಗೊತ್ತಿರದ 325ಕ್ಕೂ ಹೆಚ್ಚು ದೋಷಗಳು ಹೊರಬಿದ್ದವು ಎಂದು 2011ರಲ್ಲಿ ವರದಿ ಮಾಡಿದರು. ಫ್ರಾನ್ಸಿನ ಜೇವಿಯರ್ ಲೆರಾಯ್ ಮುಂದಾಳತ್ವದ ಕಾಂಪ್‌ಸರ್ಟ್ ಎಂಬ ಕಂಪೈಲರಿನ, ಗಣಿತದ ರೀತಿ ಸರಿಯೆಂದು ಸಾಧಿಸಿದ ಭಾಗದಲ್ಲಿ ಮಾತ್ರ ಅಂಥ ದೋಷ ಅವರಿಗೆ ಸಿಗಲಿಲ್ಲ. ತಪ್ಪಾದರೆ ಜೀವಕ್ಕೇ ಅಪಾಯವಿರುವ ಕಡೆ ಬಳಸಬೇಕಾದ ಕಂಪೈಲರ್ ಅಂಥದು, ನನ್ನ ಮಟ್ಟಿಗೆ.

ನಮ್ಮ ಬೆಂಗಳೂರಿಗೂ ಈ ವಿದ್ಯೆಯಲ್ಲಿ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ವೈ. ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ಬಂತು. ಅದೇ ಸಂಸ್ಥೆಯ ಉದಯ್ ಬೊಂಡುಗುಲ ಅವರ ಪ್ಲೂಟೋ ಎಂಬ ಸಾಧನ, ಲೂಪುಗಳನ್ನು ಗಣಿತದ ನೆರವಿನಿಂದ ಮರುಜೋಡಿಸಿ ಹಲವು ಪ್ರೊಸೆಸರುಗಳಿಗೆ ಹಂಚುತ್ತದೆ. ಕೃತಕ ಬುದ್ಧಿಮತ್ತೆಯ ಚಿಪ್‌ಗಳಿಗೆ ಕೋಡ್ ತಯಾರಿಸಲು ಇವತ್ತು ಬಳಕೆಯಾಗುತ್ತಿರುವ, ಗೂಗಲ್‌ನಲ್ಲಿ ಹುಟ್ಟಿದ ಎಂಎಲ್ಐಆರ್ ಎಂಬ ವ್ಯವಸ್ಥೆ ಕಟ್ಟಿದ ಮೊದಲ ತಂಡದಲ್ಲೂ ಅವರಿದ್ದರು.

ಕೊನೆಗೆ, ಎಂಜಿನಿಯರಿಂಗ್ ಮತ್ತು ಬಿಸಿಎ ಓದುತ್ತಿರುವ ಮಕ್ಕಳಿಗೆ ಒಂದು ವಿನಂತಿ. ಕಂಪೈಲರಿನ ಹಂತಗಳ ಚಿತ್ರವನ್ನು ಪರೀಕ್ಷೆಗೆಂದು ಬರೆದು ಬರೆದು ಕೈ ನೋಯಿಸಿಕೊಳ್ಳುತ್ತೀರಿ. ಅದರ ಜೊತೆಗೆ, ಇವತ್ತು ಲ್ಯಾಬಿನಲ್ಲಿ ಬರೆದ ಯಾವುದಾದರೂ ಚಿಕ್ಕ ಪ್ರೋಗ್ರಾಂ ತೆಗೆದುಕೊಂಡು, ಜಿಸಿಸಿ ಆದ ಮೇಲೆ ಹೈಫನ್, ದೊಡ್ಡಕ್ಷರದ ಎಸ್ ಎಂದು ಸೇರಿಸಿ ಓಡಿಸಿ. ಪಕ್ಕದಲ್ಲೇ ಅಸೆಂಬ್ಲಿಯ ಫೈಲೊಂದು ಹುಟ್ಟಿಕೊಳ್ಳುತ್ತದೆ. ಅದಕ್ಕೆ ಬೇರೆ ಹೆಸರಿಟ್ಟು, ಮತ್ತೊಮ್ಮೆ ಹೈಫನ್, ದೊಡ್ಡಕ್ಷರದ ಓ, 2 ಎಂದೂ, ಅಂದರೆ ಚುರುಕುಗೊಳಿಸು ಎಂದೂ ಸೇರಿಸಿ ಓಡಿಸಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ. ಮೊದಲ ದಿನ ಅರ್ಧ ಸಾಲೂ ಅರ್ಥವಾಗದಿದ್ದರೆ ಗಾಬರಿ ಬೇಡ. ಜಿಸಿಸಿಗೆ ದುಡ್ಡು ಕೊಡಬೇಕಾಗಿಲ್ಲ, ಯಾರ ಅನುಮತಿಯೂ ಬೇಕಾಗಿಲ್ಲ.